ಜೆ-1 ವೀಸಾ: ನಾಲ್ಕು ದಿನ ತಡವಾದರೆ ಏನಾಗುತ್ತದೆ?

2025ರ ಮೇ ತಿಂಗಳಲ್ಲಿ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿ ತನ್ನ ಸಾಮಾಜಿಕ ಜಾಲತಾಣ ಖಾತೆಯಲ್ಲಿ ಒಂದು ಎಚ್ಚರಿಕೆ ಹಾಕಿತು. ಅನುಮತಿಸಿದ ಅವಧಿ ಮೀರಿ ಅಮೆರಿಕದಲ್ಲಿ ಉಳಿದವರು ಗಡೀಪಾರಾಗಬಹುದು, ಮತ್ತೆಂದೂ ಆ ದೇಶಕ್ಕೆ ಕಾಲಿಡದಂತೆ ಶಾಶ್ವತ ನಿಷೇಧಕ್ಕೂ ಒಳಗಾಗಬಹುದು ಎಂಬುದು ಅದರ ಸಾರ. ಮಕ್ಕಳನ್ನು ಓದಲು ಕಳಿಸಿದ ಮನೆಗಳಲ್ಲಿ ಇದು ದಿಗಿಲು ಹುಟ್ಟಿಸಿತು. 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಆ ವರ್ಷ ಚೀನಾವನ್ನೂ ಹಿಂದಿಕ್ಕಿದ ಸಂಖ್ಯೆ ಇದು. ಹೀಗಾಗಿ ದಿಗಿಲು ಸಹಜವೇ. ಆದರೆ ಆ ಎಚ್ಚರಿಕೆಯನ್ನು ಕಾನೂನಿನ ಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ ಬೇರೊಂದು ಚಿತ್ರ ಕಾಣುತ್ತದೆ. ವಿನಿಮಯ ವೀಸಾದ ಮೇಲೆ ಹೋದ ವಿದ್ಯಾರ್ಥಿ ಗಡುವು ದಾಟಿ ಮೂರು ನಾಲ್ಕು ದಿನವೋ ಎರಡು ವಾರವೋ ಉಳಿದು ತಾನಾಗಿಯೇ ವಿಮಾನ ಹತ್ತಿದರೆ, ಅಷ್ಟಕ್ಕೇ ಯಾವ ವರ್ಷಗಟ್ಟಲೆಯ ನಿಷೇಧವನ್ನೂ ಅಲ್ಲಿನ ಕಾಯ್ದೆ ವಿಧಿಸುವುದಿಲ್ಲ. ಹಾಗೆಂದು ಆ ನಾಲ್ಕು ದಿನಗಳಿಗೆ ಬೆಲೆಯೇ ಇಲ್ಲ ಅನ್ನುವಂತೆಯೂ ಇಲ್ಲ. ಆ ಬೆಲೆಯನ್ನು ಕಾಯ್ದೆಯ ಒಂದು ಕಲಮಿನಲ್ಲಿ ಹುಡುಕಿದರೆ ಸಿಗದು. ಮುಂದೆ ಬೇರೆ ಬೇರೆ ಅಧಿಕಾರಿಗಳು ಬೇರೆ ಬೇರೆ ಕೌಂಟರುಗಳಲ್ಲಿ ತೆಗೆದುಕೊಳ್ಳುವ ತೀರ್ಮಾನಗಳಲ್ಲಿ ಅದು ಚದುರಿಕೊಂಡಿರುತ್ತದೆ. ಅಲ್ಲೆಲ್ಲ ತೂಕಕ್ಕೆ ಬರುವುದು ತಡವಾದ ದಿನಗಳ ಸಂಖ್ಯೆಗಿಂತ ಹೆಚ್ಚಾಗಿ, ಆ ತಡದ ಬಗ್ಗೆ ಅರ್ಜಿದಾರ ಏನು ಹೇಳುತ್ತಾನೆ, ಯಾವ ಕಾಗದ ತೋರಿಸುತ್ತಾನೆ ಎಂಬುದು.

ಮೊದಲು ಈ ವೀಸಾ ಯಾವುದೆಂದು ತಿಳಿಯಬೇಕು. ಅಮೆರಿಕಕ್ಕೆ ಹೋಗುವ ನಮ್ಮ ಹುಡುಗರಲ್ಲಿ ಹೆಚ್ಚಿನವರದು ಎಫ್-1, ಅಂದರೆ ಪೂರ್ಣಾವಧಿ ಪದವಿಗೆ ಕೊಡುವ ವೀಸಾ. ಜೆ-1 ವಿನಿಮಯದ್ದು. 1961ರ ಫುಲ್‌ಬ್ರೈಟ್-ಹೇಸ್ ಕಾಯ್ದೆಯ ನೆರಳಿನಲ್ಲಿ ಬೆಳೆದ ಈ ವರ್ಗದಲ್ಲಿ ಒಂದು ಸೆಮಿಸ್ಟರಿಗೆ ಹೋಗುವ ಕಾಲೇಜು ವಿದ್ಯಾರ್ಥಿ, ಹೈಸ್ಕೂಲಿನ ವಿನಿಮಯ ವಿದ್ಯಾರ್ಥಿ, ಸಂಶೋಧಕ, ಇಂಟರ್ನ್, ಫುಲ್‌ಬ್ರೈಟ್-ನೆಹರೂ ಫೆಲೊ ಎಲ್ಲರೂ ಸೇರುತ್ತಾರೆ. ಇವರ ಕೈಯಲ್ಲಿ ಮೂರು ದಾಖಲೆಗಳಿರುತ್ತವೆ, ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಒಂದು. ಕಾರ್ಯಕ್ರಮ ನಡೆಸುವ ಸಂಸ್ಥೆ ಕೊಟ್ಟ ಡಿಎಸ್-2019 ಎಂಬ ಪತ್ರ ಇನ್ನೊಂದು. ವಿಮಾನ ನಿಲ್ದಾಣದಲ್ಲಿ ಇಳಿದಾಗ ವಲಸೆ ಅಧಿಕಾರಿ ತೆರೆಯುವ ಐ-94 ಎಂಬ ದಾಖಲೆ ಮೂರನೆಯದು. ಹಿಂದೆ ಇದು ಪುಟ್ಟ ಬಿಳಿ ಕಾರ್ಡಾಗಿತ್ತು, 2013ರಿಂದ ವಿಮಾನದಲ್ಲಿ ಬರುವವರಿಗೆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ವೀಸಾ ಸಿನಿಮಾ ಟಿಕೆಟ್ಟಿನ ಹಾಗೆ. ಒಳಗೆ ಬಿಡುವುದಷ್ಟೇ ಅದರ ಕೆಲಸ, ಎಷ್ಟು ಹೊತ್ತು ಕೂರಬಹುದೆಂದು ಅದು ಹೇಳುವುದಿಲ್ಲ. ವೀಸಾದ ಮೇಲಿನ ದಿನಾಂಕ ಮುಗಿದಿದ್ದರೂ ನ್ಯಾಯವಾಗಿ ಅಲ್ಲೇ ಉಳಿದಿರಬಹುದು. ವೀಸಾ ಇನ್ನೂ ಎರಡು ವರ್ಷ ಬಾಕಿ ಇದ್ದರೂ ಉಳಿಯುವ ಹಕ್ಕು ಕಳೆದುಹೋಗಿರಬಹುದು. ವೀಸಾದಲ್ಲಿ ಇನ್ನೂ ಟೈಮಿದೆಯಲ್ಲ ಎಂದು ನಂಬಿಕೊಂಡೇ ಗಡುವು ದಾಟಿಸುವವರಿದ್ದಾರೆ. ಅವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ತಪ್ಪು ಕಾಗದ ನೋಡಿರುತ್ತಾರೆ ಅಷ್ಟೇ.

ಇನ್ನು ಗಡುವು ಯಾವುದು? ಪ್ರವಾಸಿಯ ಐ-94ರಲ್ಲಿ ಒಂದು ತಾರೀಖು ಇರುತ್ತದೆ. ಜೆ-1 ವಿದ್ಯಾರ್ಥಿಯ ಐ-94ರಲ್ಲಿ ಹಲವು ದಶಕಗಳಿಂದ ನಡೆದುಬಂದ ಪದ್ಧತಿಯಂತೆ ತಾರೀಖಿನ ಬದಲು ‘ಡಿ/ಎಸ್’ ಎಂದಿರುತ್ತದೆ. ಕಾರ್ಯಕ್ರಮದ ಕಟ್ಟಳೆಗೆ ಒಳಪಟ್ಟು ನಡೆದುಕೊಳ್ಳುವವರೆಗೆ ಇರಬಹುದು ಎಂದು ಅದರ ಅರ್ಥ. ಡಿಎಸ್-2019ರಲ್ಲಿ ಬರೆದ ಕೊನೆಯ ದಿನದ ನಂತರ ಊರಿಗೆ ಹೊರಡುವ ತಯಾರಿಗೆಂದು 30 ದಿನ ಕೊಡುತ್ತಾರೆ. ಎಫ್-1ನವರಿಗೆ ಇದು 60 ದಿನ. ಎಫ್-1ನಲ್ಲಿರುವ ರೂಮ್‌ಮೇಟಿನ ಮಾತು ಕೇಳಿ ತನಗೂ ಎರಡು ತಿಂಗಳಿದೆ ಎಂದುಕೊಂಡ ಜೆ-1 ವಿದ್ಯಾರ್ಥಿ ಒಂದು ತಿಂಗಳು ಎಡವಿದಂತೆಯೇ. ಈ 30 ದಿನಗಳಲ್ಲಿ ದೇಶದೊಳಗೆ ಸುತ್ತಾಡಬಹುದು, ಕೆಲಸ ಮಾಡುವಂತಿಲ್ಲ. ಆ ನಡುವೆ ಕೆನಡಾಕ್ಕೋ ಮೆಕ್ಸಿಕೊಕ್ಕೋ ಹೋದರೆ ಮುಗಿದ ಕಾರ್ಯಕ್ರಮದ ಆಧಾರದ ಮೇಲೆ ಮತ್ತೆ ಒಳಬರಲಾಗದು. ಕಾರ್ಯಕ್ರಮವನ್ನು ಯಶಸ್ವಿಯಾಗಿ ಮುಗಿಸಿದವರಿಗೆ ಮಾತ್ರ ಈ ಸೌಲಭ್ಯ. ನಿಯಮ ಮುರಿದು ಸಂಸ್ಥೆಯಿಂದ ತೆಗೆದುಹಾಕಲ್ಪಟ್ಟವರಿಗೆ ಒಂದು ದಿನವೂ ಸಿಗದು. ಜೆ-1ನವರು ಆರೋಗ್ಯ ವಿಮೆ ಇಟ್ಟುಕೊಳ್ಳಲೇಬೇಕೆಂಬ ಕಟ್ಟಳೆಯಿದೆ. ಬೇಕೆಂದೇ ಅದನ್ನು ಬಿಟ್ಟವರನ್ನೂ ಕಾರ್ಯಕ್ರಮದಿಂದ ತೆಗೆಯಬಹುದು.

ಈಗ ಭಯದ ಮೂಲಕ್ಕೆ ಬರೋಣ. 1996ರಲ್ಲಿ ಬಿಲ್ ಕ್ಲಿಂಟನ್ ಸಹಿ ಹಾಕಿದ ವಲಸೆ ಕಾಯ್ದೆ, 1997ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅವಧಿ ಮೀರಿದವರಿಗೆ ಎರಡು ಬೇಲಿ ಹಾಕಿತು. ಒಂದೇ ವಾಸದಲ್ಲಿ 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿದ್ದು ಹೊರಟವರು 3 ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಇದ್ದವರು 10 ವರ್ಷ ಮತ್ತೆ ಪ್ರವೇಶಿಸುವಂತಿಲ್ಲ. ಇವುಗಳ ಜೊತೆ ‘ಶಾಶ್ವತ’ ಎನ್ನಿಸುವ ತಡೆಯೊಂದಿದೆ. ಅದು ಬೀಳುವುದು ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಅಕ್ರಮವಾಗಿದ್ದು ಹೊರಹೋಗಿ, ಆಮೇಲೆ ಕಳ್ಳದಾರಿಯಲ್ಲಿ ಗಡಿ ದಾಟಿ ನುಗ್ಗುವವರ ಮೇಲೆ. ಪರೀಕ್ಷೆ ಮುಗಿಸಿ ಎರಡು ವಾರ ತಡವಾಗಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಹುಡುಗಿಗೂ ಅದಕ್ಕೂ ಸಂಬಂಧವೇ ಇಲ್ಲ. ರಾಯಭಾರ ಕಚೇರಿಯ ಎಚ್ಚರಿಕೆ ಸುಳ್ಳಲ್ಲ. ಆದರೆ ಅದು ಅತಿ ದೊಡ್ಡ ತಪ್ಪಿನ ಅತಿ ದೊಡ್ಡ ಶಿಕ್ಷೆಯನ್ನು ಎಲ್ಲ ತಪ್ಪುಗಳ ಮುಂದೆಯೂ ತೂಗುಹಾಕಿದೆ.

ಅಷ್ಟೇ ಅಲ್ಲ, ಡಿ/ಎಸ್ ಮೇಲೆ ಬಂದವರಿಗೆ ಆ 180 ದಿನಗಳ ಎಣಿಕೆ ತನ್ನಷ್ಟಕ್ಕೆ ತಾನೇ ಶುರುವಾಗುವುದೂ ಇಲ್ಲ. ಅಮೆರಿಕದ ವಲಸೆ ಕಾನೂನಿನಲ್ಲಿ ಸ್ಟೇಟಸ್ ಕಳೆದುಕೊಳ್ಳುವುದು ಬೇರೆ, ಎಣಿಕೆಗೆ ಬರುವ ‘ಅಕ್ರಮ ವಾಸ’ ಬೇರೆ. ಗಡುವಿನ ಮರುದಿನವೇ ಸ್ಟೇಟಸ್ ಹೋಗುತ್ತದೆ, ಅಂದಿನಿಂದ ಗಡೀಪಾರಿಗೆ ಕಾರಣವೂ ಸಿಕ್ಕಂತಾಗುತ್ತದೆ. ಆದರೆ ಅಕ್ರಮ ವಾಸದ ದಿನ ಎಣಿಸಲು ಐ-94ರಲ್ಲಿ ತಾರೀಖೇ ಇಲ್ಲವಲ್ಲ! ಆದ್ದರಿಂದ ಯಾವುದಾದರೂ ಅರ್ಜಿ ಪರಿಶೀಲಿಸುವಾಗ ವಲಸೆ ಇಲಾಖೆ ಉಲ್ಲಂಘನೆಯಾಗಿದೆ ಎಂದು ಬರೆದಾಗಲೋ, ವಲಸೆ ನ್ಯಾಯಾಧೀಶರು ಆದೇಶ ಕೊಟ್ಟಾಗಲೋ ಮಾತ್ರ ಎಣಿಕೆ ಆರಂಭವಾಗುತ್ತದೆ. 2018ರಲ್ಲಿ ಟ್ರಂಪ್ ಅವರ ಮೊದಲ ಆಡಳಿತ ಇದನ್ನು ಬದಲಿಸಲು ಹೊರಟಿತು: ನಿಯಮ ಮುರಿದ ಮರುದಿನದಿಂದಲೇ ಎಣಿಕೆ ಎಂದಿತು. ಗಿಲ್ಫರ್ಡ್ ಕಾಲೇಜು ಸೇರಿದಂತೆ ಹಲವು ಶಿಕ್ಷಣ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 2020ರ ಫೆಬ್ರವರಿಯಲ್ಲಿ ನಾರ್ತ್ ಕೆರೊಲಿನಾದ ಫೆಡರಲ್ ನ್ಯಾಯಾಲಯ ಆ ನೀತಿಯನ್ನು ದೇಶದಾದ್ಯಂತ ತಡೆಹಿಡಿಯಿತು. ವಿದ್ಯಾರ್ಥಿಗಳ ನೆತ್ತಿಯ ಮೇಲಿನ ಸೂರು ಇವತ್ತಿಗೂ ಈ ತೀರ್ಪಿನ ಕಂಬದ ಮೇಲೆ ನಿಂತಿದೆ. ಇನ್ನೊಂದು ವಿನಾಯಿತಿ ಕಾಯ್ದೆಯಲ್ಲೇ ಇದೆ: 18 ವರ್ಷ ತುಂಬದವರಿಗೆ ಅಕ್ರಮ ವಾಸದ ದಿನಗಳು ಲೆಕ್ಕಕ್ಕೇ ಬರುವುದಿಲ್ಲ. ಹೈಸ್ಕೂಲು ವಿನಿಮಯಕ್ಕೆ ಹೋಗುವವರ ಪಾಲಕರು ಇದನ್ನು ನೆನಪಿಡಬಹುದು.

ತಡವಾದರೆ ಪಾಸ್‌ಪೋರ್ಟಿನಲ್ಲಿರುವ ವೀಸಾ ತಾನಾಗಿಯೇ ರದ್ದಾಗುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಅಂಥ ಕಲಮು ನಿಜಕ್ಕೂ ಇದೆ, ಅದರ ಏಟು ಪ್ರವಾಸಿಗಳಿಗೆ ನೇರವಾಗಿ ತಾಗುತ್ತದೆ. ಐ-94ರ ತಾರೀಖಿನ ಮೇಲೆ ಒಂದೇ ದಿನ ಉಳಿದ ಅಪ್ಪ ಅಮ್ಮನ ಹತ್ತು ವರ್ಷದ ವಿಸಿಟರ್ ವೀಸಾ ಆ ಕ್ಷಣದಿಂದ ಬರೀ ಕಾಗದ. ಹೊಸದಕ್ಕೆ ತಮ್ಮ ದೇಶದಲ್ಲೇ ಅರ್ಜಿ ಹಾಕಬೇಕು. ಮಗನಾದರೋ ಡಿ/ಎಸ್ ಮೇಲೆ ಬಂದವನು, ಮೇಲೆ ಹೇಳಿದಂತಹ ಅಧಿಕೃತ ತೀರ್ಮಾನ ಬರುವವರೆಗೆ ಅವನ ವೀಸಾಕ್ಕೆ ಈ ಕಲಮು ಅನ್ವಯಿಸುವುದಿಲ್ಲ. ಒಂದೇ ಮನೆಯ ಇಬ್ಬರು ಒಂದೇ ವಿಮಾನದಲ್ಲಿ ಒಂದೇ ದಿನ ತಡವಾಗಿ ಹೊರಟರೂ ಕಾನೂನು ಅವರನ್ನು ನೋಡುವ ಕಣ್ಣು ಬೇರೆ.

ಇಷ್ಟು ಓದಿದವರು ಕೇಳಬಹುದು: ಹಾಗಾದರೆ ತಲೆಬಿಸಿ ಯಾಕೆ? ಪರಿಚಯದವರೊಬ್ಬರು ಹತ್ತು ದಿನ ತಡಮಾಡಿ ಬಂದರು, ಮರುವರ್ಷವೇ ಎಫ್-1 ಸಿಕ್ಕಿತಲ್ಲ? ಸಿಕ್ಕಿರಬಹುದು, ಹಾಗೆ ಸಿಕ್ಕಿದವರು ಕಡಿಮೆಯೇನಲ್ಲ. ಆದರೆ ನಿಷೇಧವಿಲ್ಲದಿರುವುದು ವೀಸಾದ ಖಾತರಿಯಲ್ಲ. ಪದವಿಗೆ ಹೋಗುವವನಾಗಲಿ ಪ್ರವಾಸಕ್ಕೆ ಹೋಗುವವನಾಗಲಿ, ಕೆಲಸ ಮುಗಿದ ಮೇಲೆ ಮರಳುತ್ತೇನೆ ಎಂದು ವೀಸಾ ಅಧಿಕಾರಿಗೆ ಮನದಟ್ಟು ಮಾಡುವ ಹೊಣೆ ಅರ್ಜಿದಾರನದೇ. ಹಿಂದೊಮ್ಮೆ ಸಮಯಕ್ಕೆ ಮರಳದವನ ಬಾಯಲ್ಲಿ ಆ ಮಾತು ಪೇಲವವಾಗುತ್ತದೆ. ಕಿಟಕಿಯ ಆಚೆ ಕುಳಿತ ಅಧಿಕಾರಿ ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸುತ್ತಾರೆ. ಆ ತೀರ್ಮಾನವನ್ನು ಪ್ರಶ್ನಿಸಲು ಅಮೆರಿಕದ ನ್ಯಾಯಾಲಯಗಳ ಬಾಗಿಲು ಬಹುಪಾಲು ಮುಚ್ಚಿದೆ. 1972ರ ಮ್ಯಾಂಡೆಲ್ ಪ್ರಕರಣದಿಂದ 2024ರ ಮುನ್ಯೋಜ್ ಪ್ರಕರಣದವರೆಗೆ ಅಲ್ಲಿನ ಸುಪ್ರೀಂ ಕೋರ್ಟ್ ಇಂಥ ವಿಷಯಗಳಲ್ಲಿ ಸರ್ಕಾರದ ಅಧಿಕಾರಕ್ಕೇ ಮಣೆ ಹಾಕಿದೆ. ಬೇರೆ ದೇಶದ ಕಾನ್ಸುಲೇಟಿನಲ್ಲಿ ಪ್ರಯತ್ನಿಸೋಣವೆಂದರೆ, ಪ್ರವಾಸ, ಓದು, ತಾತ್ಕಾಲಿಕ ಕೆಲಸ ಮುಂತಾದ ವೀಸಾಗಳ ಸಂದರ್ಶನ ಸ್ವದೇಶದಲ್ಲೋ ವಾಸವಿರುವ ದೇಶದಲ್ಲೋ ಆಗಬೇಕೆಂದು 2025ರ ಸೆಪ್ಟೆಂಬರಿನಲ್ಲಿ ಸೂಚನೆ ಬಂದಿದೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸೇವೆ ಅದರೊಂದಿಗೇ ಶುರುವಾಗಲಿಲ್ಲ. ಕರ್ನಾಟಕದವರಿಗೆ ಚೆನ್ನೈ, ಹೈದರಾಬಾದಿನ ಓಡಾಟ ರೂಢಿಯಾಗಿಬಿಟ್ಟಿದೆ.

ಎರಡನೆಯ ಆಕ್ಷೇಪ ಇನ್ನೂ ಚಾಣಾಕ್ಷತನದ್ದು. ಅಮೆರಿಕದಿಂದ ಹೊರಡುವಾಗ ನಮ್ಮಲ್ಲಿಯಂತೆ ಇಮಿಗ್ರೇಷನ್ ಕೌಂಟರಿಲ್ಲ, ಯಾರೂ ಠಸ್ಸೆ ಒತ್ತುವುದಿಲ್ಲ, ಹಾಗಿರುವಾಗ ಅವರಿಗೆ ಗೊತ್ತಾಗುವುದು ಹೇಗೆ, ಸುಮ್ಮನಿದ್ದರಾಯಿತಲ್ಲ ಎನ್ನುವುದು. ಠಸ್ಸೆ ಇಲ್ಲದಿರುವುದು ನಿಜ. ಆದರೆ ವಿಮಾನ ಕಂಪನಿಗಳು ಪ್ರಯಾಣಿಕರ ಪಟ್ಟಿಯನ್ನು ಸರ್ಕಾರಕ್ಕೆ ಒಪ್ಪಿಸುತ್ತವೆ, ಅದು ಐ-94ರ ಜೊತೆ ಜೋಡಣೆಯಾಗುತ್ತದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಬಿಗಿಗೊಳಿಸಿ 2003ರಿಂದ ಜಾರಿಗೆ ತಂದ ಸೆವಿಸ್ ಎಂಬ ದತ್ತಕೋಶದಲ್ಲಿ ವಿದ್ಯಾರ್ಥಿಯ ಕಾರ್ಯಕ್ರಮ ಎಂದು ಶುರುವಾಗಿ ಎಂದು ಮುಗಿಯಿತು ಎಂಬುದಿರುತ್ತದೆ. ಎರಡನ್ನೂ ಎದುರುಬದುರು ಇಟ್ಟರೆ ತಡವಾದ ದಿನಗಳ ಲೆಕ್ಕ ಸಿಗುತ್ತದೆ. ಮುಂದೆ ಯಾವ ತಾತ್ಕಾಲಿಕ ವೀಸಾಕ್ಕೆ ಅರ್ಜಿ ಹಾಕಿದರೂ ತುಂಬಬೇಕಾದ ಡಿಎಸ್-160 ಫಾರ್ಮಿನಲ್ಲಿ, ಎಂದಾದರೂ ಅಕ್ರಮವಾಗಿ ಉಳಿದಿದ್ದೀರಾ, ಕೊಟ್ಟ ಅವಧಿ ಮೀರಿದ್ದೀರಾ, ವೀಸಾದ ಷರತ್ತು ಮುರಿದಿದ್ದೀರಾ ಎಂದು ಮೂರನ್ನೂ ಸೇರಿಸಿದ ಪ್ರಶ್ನೆಯೊಂದಿದೆ. ಡಿ/ಎಸ್ ಕಾರಣದಿಂದ ‘ಅಕ್ರಮ ವಾಸ’ ಆಗಿಲ್ಲವೆಂಬ ವಕೀಲಿ ವಾದವನ್ನು ನೆಚ್ಚಿಕೊಂಡು ‘ಇಲ್ಲ’ ಎಂದು ಟಿಕ್ ಮಾಡುವ ಆಸೆಯಾಗಬಹುದು. ಪ್ರಶ್ನೆಯ ಕೊನೆಯ ಭಾಗ ಆ ಕಿಂಡಿಯನ್ನೂ ಮುಚ್ಚುತ್ತದೆ. ಬೇಕೆಂದೇ ಮುಖ್ಯ ಸಂಗತಿಯೊಂದನ್ನು ಮರೆಮಾಚಿ ವೀಸಾ ಪಡೆಯಲು ಯತ್ನಿಸಿದವರು ಜೀವನಪರ್ಯಂತ ಪ್ರವೇಶಕ್ಕೆ ಅನರ್ಹರು ಎನ್ನುತ್ತದೆ ಕಾಯ್ದೆ. ಕೆಲವು ಸಂದರ್ಭಗಳಲ್ಲಿ ಸರ್ಕಾರದಿಂದ ಮಾಫಿ ಕೇಳಬಹುದಾದರೂ ಆ ಕಳಂಕ ಮಾತ್ರ ಹೋಗುವುದಿಲ್ಲ. ನೋಡಿ, ನಾಲ್ಕು ದಿನದ ತಡಕ್ಕೆ ಕಾಯ್ದೆ ಒಂದು ದಿನದ ನಿಷೇಧವನ್ನೂ ಹೇಳಿಲ್ಲ, ಅದೇ ತಡವನ್ನು ಮುಚ್ಚಿಡುವ ಒಂದು ಟಿಕ್ಕಿಗೆ ಇಡೀ ಜೀವಮಾನದ ನಿಷೇಧ ಕಾದಿದೆ. ಫಾರ್ಮ್ ತುಂಬಿಕೊಡುವ ಏಜೆಂಟರು ಇಂಥ ಪ್ರಶ್ನೆಗಳಿಗೆಲ್ಲ ಸಾಲಾಗಿ ‘ನೋ’ ಒತ್ತಿಬಿಡುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದು ಇಲ್ಲಿ ತಿಳಿಯುತ್ತದೆ. ಸಹಿ ಅರ್ಜಿದಾರನದು, ಹೊಣೆಯೂ ಅವನದೇ.

ಹಾಗಿದ್ದರೆ ಕೈಮೀರಿ ತಡವಾದವರ ಗತಿ? ಕಾಯಿಲೆ, ಆಸ್ಪತ್ರೆ, ರದ್ದಾದ ವಿಮಾನ ಇವೆಲ್ಲ ಯಾರಿಗಾದರೂ ಎದುರಾಗಬಹುದು. 2020ರ ಮಾರ್ಚ್ ಕೊನೆಯಲ್ಲಿ ಭಾರತ ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿದಾಗ ಸಾವಿರಾರು ವಿದ್ಯಾರ್ಥಿಗಳು ಹೊರಗೆ ಸಿಕ್ಕಿಹಾಕಿಕೊಂಡರು. ವಂದೇ ಭಾರತ್ ಯಾನಗಳು ಶುರುವಾಗಿದ್ದು ಮೇ 7ರಂದು. ಇಂಥ ಸಂದರ್ಭಕ್ಕೆ ಕಾನೂನಿನಲ್ಲಿ ದಾರಿಗಳಿವೆ, ಎಲ್ಲವೂ ಸಮಯಕ್ಕೆ ಕಟ್ಟುಬಿದ್ದವು. ಕಾರ್ಯಕ್ರಮ ಮುಗಿಯುವ ಮೊದಲೇ ಗೊತ್ತಾದರೆ ಸಂಸ್ಥೆಯ ಹೊಣೆಗಾರ ಅಧಿಕಾರಿ ಡಿಎಸ್-2019ರ ಅವಧಿ ವಿಸ್ತರಿಸಬಹುದು. ಅವಧಿ ಕೈಯಲ್ಲಿರುವಾಗಲೇ ವಲಸೆ ಇಲಾಖೆಗೆ ಐ-539 ಎಂಬ ಅರ್ಜಿ ಹಾಕಿ ಪ್ರವಾಸಿ ಸ್ಟೇಟಸ್ಸಿಗೆ ಬದಲಾಯಿಸಿಕೊಡಿ ಎಂದು ಕೇಳಬಹುದು. ಗಡುವು ದಾಟಿದ ಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಕಾರ್ಯಕ್ರಮ ಇನ್ನೂ ಮುಂದುವರಿಯಬೇಕಿದ್ದು, ಮರೆವಿನಿಂದ ಕಾಗದ ನವೀಕರಿಸದೆ ಸ್ಟೇಟಸ್ ತಪ್ಪಿದವರಿಗೆ ವಿನಿಮಯ ನಿಯಮಗಳು ಉದಾರವಾಗಿಯೇ ಇವೆ. 120 ದಿನದೊಳಗಿನ ಇಂಥ ಸಣ್ಣ ಲೋಪವನ್ನು ಸಂಸ್ಥೆಯೇ ಸರಿಪಡಿಸಬಹುದು, 120ರಿಂದ 270 ದಿನದೊಳಗಾದರೆ ವಿದೇಶಾಂಗ ಇಲಾಖೆಯ ಮುಂದೆ ಕಾರಣ ಒಪ್ಪಿಸಿ ಬೇಡಬೇಕು, ಅದನ್ನೂ ಮೀರಿದರೆ ಅವಕಾಶವಿಲ್ಲ. ಇವು ಯಾವುವೂ ಸಾಧ್ಯವಾಗದೆ ತಡವಾಗಿಯೇ ಹೊರಟವರ ಕೈಯಲ್ಲಿ ಆಸ್ಪತ್ರೆಯ ಚೀಟಿ, ರದ್ದಾದ ಟಿಕೆಟ್, ವಿಮಾನ ಕಂಪನಿಯ ಇಮೇಲ್, ಕೊನೆಗೆ ಹತ್ತಿದ ವಿಮಾನದ ಬೋರ್ಡಿಂಗ್ ಪಾಸ್ ಇರಬೇಕು. ಹೊರಟ ದಾಖಲೆ ತಪ್ಪಾಗಿ ಬಿಟ್ಟುಹೋಗಿದ್ದರೆ, ವಾರ ತಡವಾದವನು ಇನ್ನೂ ಅಲ್ಲೇ ಇದ್ದಾನೆ ಎಂದು ಕಂಪ್ಯೂಟರ್ ಹೇಳುವ ಸಾಧ್ಯತೆಯಿದೆ. ಆಗ ಆ ಚೂರು ಕಾಗದವೇ ಸಾಕ್ಷಿ.

ನಡುವೆ ಒಂದು ಮಾತು. ಜೆ-1ನವರ ವಿಷಯದಲ್ಲಿ ‘ಎರಡು ವರ್ಷ’ ಎಂಬುದು ಆಗಾಗ ಕೇಳಿಬರುತ್ತದೆ, ತಡವಾಗಿ ಹೊರಟವರಿಗೆ ಬೀಳುವ ದಂಡನೆ ಅದೆಂದು ಕೆಲವರು ತಿಳಿದಿದ್ದಾರೆ. ಅದಕ್ಕೂ ಇದಕ್ಕೂ ನಂಟಿಲ್ಲ. ಸರ್ಕಾರಿ ಹಣದಲ್ಲಿ ಹೋದವರು, ತಾಯ್ನಾಡಿಗೆ ಬೇಕಾದ ಕೌಶಲಗಳ ಪಟ್ಟಿಗೆ ಸೇರಿದ ವಿಷಯ ಓದಿದವರು, ಅಲ್ಲಿ ವೈದ್ಯಕೀಯ ತರಬೇತಿ ಪಡೆದವರು ಮರಳಿ ಎರಡು ವರ್ಷ ಸ್ವದೇಶದಲ್ಲಿದ್ದ ನಂತರವೇ ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಕೇಳಬಹುದೆಂಬ ಷರತ್ತು ಅದು. ಸಮಯಕ್ಕೆ ಸರಿಯಾಗಿ ಬಂದವರಿಗೂ ಅನ್ವಯ. 2024ರ ಡಿಸೆಂಬರಿನಲ್ಲಿ ಆ ಕೌಶಲ ಪಟ್ಟಿಯಿಂದ ಭಾರತವನ್ನು ಕೈಬಿಟ್ಟಿದ್ದರಿಂದ ಹಲವರಿಗೆ ಹಗುರಾಗಿದೆ. ಸರ್ಕಾರಿ ಫೆಲೊಶಿಪ್ಪಿನವರಿಗೆ, ವೈದ್ಯರಿಗೆ ಹಾಗಾಗಿಲ್ಲ.

ಒಂದು ಗಟ್ಟಿಯಾದ ಆಕ್ಷೇಪ ಉಳಿದಿದೆ. ಕಾಯ್ದೆಯೇ ಲಘುವಾಗಿ ಕಂಡ ತಪ್ಪನ್ನು ಅಧಿಕಾರಿಯ ವಿವೇಚನೆಗೆ ಬಿಟ್ಟುಕೊಡುವುದು ನ್ಯಾಯವೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ಬ್ರಿಟನ್ನಿನ ವಲಸೆ ನಿಯಮಗಳನ್ನು ನೋಡಿ: 30 ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿ ಮೀರಿ, ಸ್ವಂತ ಖರ್ಚಿನಲ್ಲಿ ತಾನಾಗಿ ಹೊರಟವರ ಮೇಲೆ ಮರುಪ್ರವೇಶದ ನಿಷೇಧ ಹೇರುವುದಿಲ್ಲವೆಂದು ಅಲ್ಲಿ ಬರೆದೇ ಇಟ್ಟಿದ್ದಾರೆ. 2017ರ ಏಪ್ರಿಲಿಗೆ ಮೊದಲು ಅದು 90 ದಿನವಿತ್ತು. ಬಿಗಿಮಾಡಿದರು, ಆದರೂ ಅಕ್ಷರದಲ್ಲಿಟ್ಟರು. ಅಮೆರಿಕದಲ್ಲಿ ಸಣ್ಣ ತಡದ ಬೆಲೆ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಒಬ್ಬ ಅಧಿಕಾರಿ ಎರಡು ಪ್ರಶ್ನೆ ಕೇಳಿ ಬಿಡುತ್ತಾರೆ, ಇನ್ನೊಬ್ಬರು ಅದೊಂದನ್ನೇ ಹಿಡಿದು ತಿರಸ್ಕರಿಸುತ್ತಾರೆ. ಇದಕ್ಕೆ ಅಮೆರಿಕ ಸರ್ಕಾರದ ಉತ್ತರವೂ ಇದೆ: ಒಬ್ಬೊಬ್ಬರ ತಡ ಸಣ್ಣದೆಂದು ಕಂಡರೂ ಒಟ್ಟು ಸೇರಿದರೆ ಸಣ್ಣದಲ್ಲ. 2025ರ ಜೂನ್ 4ರಂದು ಟ್ರಂಪ್ ಹೊರಡಿಸಿದ ಘೋಷಣೆಯಲ್ಲಿ ಹಲವು ದೇಶಗಳ ಪ್ರಜೆಗಳಿಗೆ ಬಾಗಿಲು ಮುಚ್ಚಲು ಕೊಟ್ಟ ಕಾರಣಗಳಲ್ಲಿ ವಿದ್ಯಾರ್ಥಿ ಮತ್ತು ವಿನಿಮಯ ವೀಸಾದವರು ಅವಧಿ ಮೀರುವ ಪ್ರಮಾಣವೂ ಒಂದು. ಟೋಗೋ ದೇಶದ್ದು ಶೇಕಡಾ 35.05 ಎಂದು ಅದರಲ್ಲಿ ನಮೂದಾಗಿದೆ. ಆ ಪ್ರಮಾಣದ ಲೆಕ್ಕದಲ್ಲಿ ಇನ್ನೂ ಅಲ್ಲೇ ಉಳಿದವರ ಜೊತೆ ತಡವಾಗಿ ಹೊರಟವರೂ ಸೇರಿರುತ್ತಾರೆ. ಕೆಲವೇ ವಿದ್ಯಾರ್ಥಿಗಳನ್ನು ಕಳಿಸುವ ಪುಟ್ಟ ದೇಶವೊಂದರಲ್ಲಿ ಹತ್ತಿಪ್ಪತ್ತು ಜನ ವಾರ ತಡಮಾಡಿದರೂ ಶೇಕಡಾವಾರು ಜಿಗಿಯುತ್ತದೆ, ಆಮೇಲೆ ಸಮಯಕ್ಕೆ ಬರಬಲ್ಲ ಹುಡುಗನಿಗೂ ವೀಸಾ ಇಲ್ಲ. ಭಾರತ ಆ ಪಟ್ಟಿಯಲ್ಲಿರಲಿಲ್ಲ. ಒಬ್ಬನ ತಡಕ್ಕೆ ಇನ್ನೊಬ್ಬನನ್ನು ಹೊಣೆ ಮಾಡುವ ಈ ಲೆಕ್ಕಾಚಾರ ನ್ಯಾಯವೆಂದು ನನಗನ್ನಿಸುವುದಿಲ್ಲ, ಆದರೆ ಅದು ಜಾರಿಯಲ್ಲಿರುವುದು ದಿಟ.

ಈ ನಡುವೆ ಅಮೆರಿಕ ಸರ್ಕಾರ ಡಿ/ಎಸ್ ಪದ್ಧತಿಯನ್ನೇ ಕಿತ್ತುಹಾಕಲು ಎರಡನೇ ಬಾರಿ ಕೈಹಾಕಿದೆ. 2020ರಲ್ಲಿ ತಂದಿದ್ದ ಕರಡನ್ನು ಬೈಡನ್ ಆಡಳಿತ 2021ರಲ್ಲಿ ಹಿಂತೆಗೆದುಕೊಂಡಿತ್ತು. 2025ರ ಆಗಸ್ಟಿನಲ್ಲಿ ಹೊಸ ಕರಡು ಬಂತು: ಜೆ-1, ಎಫ್-1ನವರಿಗೆಲ್ಲ ಹೆಚ್ಚೆಂದರೆ ನಾಲ್ಕು ವರ್ಷದ ನಿಗದಿತ ತಾರೀಖು, ಎಫ್-1ನವರ 60 ದಿನಕ್ಕೆ ಕತ್ತರಿ ಬಿದ್ದು 30. ನಿಗದಿತ ತಾರೀಖು ಮೀರಿ ಉಳಿಯಬೇಕಾದವರು ವಿಶ್ವವಿದ್ಯಾಲಯದ ಕಚೇರಿಗಲ್ಲ, ನೇರ ವಲಸೆ ಇಲಾಖೆಗೆ ಅರ್ಜಿ ಹಾಕಬೇಕು. ಇಂಥ ನಿಯಮದಡಿ ಐ-94ರಲ್ಲಿ ತಾರೀಖು ಬಂತೆಂದರೆ ಪ್ರವಾಸಿಗೂ ವಿದ್ಯಾರ್ಥಿಗೂ ಇದ್ದ ವ್ಯತ್ಯಾಸ ಅಳಿಯುತ್ತದೆ. ಗಿಲ್ಫರ್ಡ್ ತೀರ್ಪು ಕಾಪಾಡಿದ್ದು ತಾರೀಖಿಲ್ಲದವರನ್ನು. ತಾರೀಖಿರುವವರ ನೆರವಿಗೆ ಅದು ಬಾರದು. ಮರುದಿನವೇ ವೀಸಾ ನಿಷ್ಪ್ರಯೋಜಕ, ಮರುದಿನದಿಂದಲೇ 180ರ ಎಣಿಕೆ. ಈಗ ಹೊರಡುವ ವಿದ್ಯಾರ್ಥಿಗೆ ಹಿಂದಿನವರ ಅನುಭವ ಕೇಳಿ ಪ್ರಯೋಜನವಾಗದ ಒಂದು ವಿಷಯವಿದ್ದರೆ ಅದು ಇದೇ. ಅಲ್ಲಿ ಇಳಿದ ವಾರದೊಳಗೆ ಸರ್ಕಾರದ ಐ-94 ಜಾಲತಾಣದಿಂದ ತನ್ನ ದಾಖಲೆ ಇಳಿಸಿಕೊಂಡು, ಅದರಲ್ಲಿ ಡಿ/ಎಸ್ ಎಂದಿದೆಯೋ ತಾರೀಖಿದೆಯೋ ನೋಡಿಕೊಂಡು, ಮರಳುವ ಟಿಕೆಟ್ಟನ್ನು ಅದರ ಮೇಲೆ ಲೆಕ್ಕ ಹಾಕುವುದು ಅವನಿಗೆ ಬಿಟ್ಟ ಕೆಲಸ.